ಎಂಟು ತುದಿ

ಶಿಡ್ಲಘಟ್ಟದಲ್ಲಿ ನನಗೆ ಬೆಳಗಾಗುವುದು ಕೋಳಿ ಕೂಗಿ ಅಲ್ಲ,
ಒಲೆಗೆ ಹೊಟ್ಟು ಸುರಿದ ಸದ್ದಿಗೆ.
ಅಮೀರ್‌ಜಾನ್ ಸಾಹೇಬರ ಶೆಡ್ಡಿನಲ್ಲಿ ಐದೂವರೆಗೆ
ನಾಲ್ಕನೆಯ ಬೇಸಿನ್ನು ನನ್ನದು.
ನೀರು ಕುದಿಯಬಾರದು, ಕಾಯದೆ ಇರಲೂಬಾರದು;
ಗೂಡು ಬೆಂದು ಮೆತ್ತಗಾಗುವ ಹೊತ್ತಿಗೆ
ಬೆರಳು ಒಳಗಿಳಿದಿರಬೇಕು.

ಕೈ ಮುಗಿಯುವುದಕ್ಕೆ ಕೈ ಎಲ್ಲಿದೆ, ಸ್ವಾಮಿ?
ಎರಡೂ ನೀರಿನಲ್ಲಿವೆ.

ಮೊದಲೆಲ್ಲ ಇದಕ್ಕೆ ಅಳುತ್ತಿದ್ದೆ.
ಶುಕ್ರವಾರ ಮಧ್ಯಾಹ್ನ ರಾಟೆ ನಿಲ್ಲುತ್ತದೆ, ಸಾಹೇಬರು ನಮಾಜಿಗೆ ಹೋಗುತ್ತಾರೆ;
ಭಾನುವಾರ ನಿಲ್ಲುವುದಿಲ್ಲ.
ಆರಾಧನೆಯ ಗಂಟೆ ಗದ್ದಲ ದಾಟಿ
ಇಲ್ಲಿಗೆ ಬಂದು ಮುಟ್ಟುವಾಗ
ಯಾರೋ ಪಾತ್ರೆ ಬೀಳಿಸಿದಂತೆ ಕೇಳುತ್ತದೆ.
ಸಭಾಪಾಲಕರು ಒಮ್ಮೆ ತಡೆದು ಕೇಳಿದರು:
‘ಸಮಾಧಾನಮ್ಮ, ಕಾಣಿಸುವುದೇ ಇಲ್ಲವಲ್ಲ.’
ಕಾಣಬೇಕಾದವನಿಗೆ ಕಾಣುತ್ತಿದ್ದೇನೆ ಅನ್ನಲು ಧೈರ್ಯವಾಗಲಿಲ್ಲ.
‘ಗೂಡಿನ ರೇಟು ಏರಿದೆ ಅಯ್ಯನವರೇ’ ಅಂದೆ,
ಅದಕ್ಕೂ ಇದಕ್ಕೂ ಸಂಬಂಧವಿದ್ದಂತೆ.

ಆಮೇಲೊಂದು ದಿನ, ಯಾರೂ ಹೇಳಿಕೊಡದೆ,
ತುದಿಗಳಿಗೆ ಹೆಸರಿಡಲು ಶುರುಮಾಡಿದೆ.

ಎಂಟು ಗೂಡಿನ ಎಂಟು ತುದಿ ಸೇರಿದರೆ ಒಂದು ನೂಲು.
ಮೊದಲನೆಯದು ಗಂಡ ಜಯಶೀಲ, ಅವನ ಆಟೋದ ಹಿಂದಿನ ಚಕ್ರ.
ಎರಡನೆಯದು ಮಗಳು ಕೃಪಾರಾಣಿ, ಗಣಿತದ ಪರೀಕ್ಷೆ.
ಮೂರು, ಪಕ್ಕದ ಬೇಸಿನ್ನಿನ ಮುಬೀನಾ, ಏಳು ತಿಂಗಳ ಬಸುರಿ;
ಅವಳಿಗೆ ಹೇಳಿಲ್ಲ, ಹೇಳಿದರೆ ನಗುತ್ತಾಳೆ,
ನಕ್ಕು, ತನ್ನ ನೀರಿನಲ್ಲಿ ನನಗೂ ಒಂದು ತುದಿ ಹಿಡಿದಾಳು.
ನಾಲ್ಕು, ದಿಬ್ಬೂರಹಳ್ಳಿ ರಸ್ತೆಯಲ್ಲಿ ಬಿದ್ದು ಹೋದ ಹುಡುಗನ ತಾಯಿ,
ಹೆಸರು ಗೊತ್ತಿಲ್ಲ.
ಐದು, ಸಾಹೇಬರು, ಅವರ ಸಕ್ಕರೆ ಕಾಯಿಲೆ.
ಮಿಕ್ಕವು ದಿನಕ್ಕೊಬ್ಬರಿಗೆ.
ಒಂದು ಗೂಡು ಮುಗಿದು ಹುಳ ತಳಕ್ಕಿಳಿದರೆ
ಇನ್ನೊಂದು ತುದಿ ಎಸೆದು ಸೇರಿಸಬೇಕು, ರಾಟೆ ನಿಲ್ಲಿಸದೆ.
ಹಾಗೇ ಒಬ್ಬರಾದ ಮೇಲೆ ಒಬ್ಬರು.
ಆಮೆನ್ ಅನ್ನಲು ಜಾಗವೇ ಸಿಗುವುದಿಲ್ಲ.

ಹುಳದ ಬಗ್ಗೆ ಕೇಳಬೇಡಿ.
ನಾನೇ ಕೇಳಿದ್ದೇನೆ. ಗುಬ್ಬಿಯ ಲೆಕ್ಕ ಇಡುವವನು
ಈ ತೊಟ್ಟಿಯ ಲೆಕ್ಕ ಇಡದೆ ಬಿಡುತ್ತಾನೆಯೇ?
ಉತ್ತರ ಬಂದಿಲ್ಲ. ಹೊಟ್ಟೆ ಇದೆ, ಕೆಲಸ ಇದೆ.
ಬೆಂದ ಹುಳಗಳನ್ನು ಜರಡಿಯಲ್ಲಿ ಎತ್ತಿ
ಎಸೆಯುವುದಿಲ್ಲ, ಇಡುತ್ತೇನೆ.
ಅಷ್ಟೇ ನನ್ನಿಂದಾಗುವುದು.

ವಾಸನೆ ಮಾತ್ರ ಹೋಗುವುದಿಲ್ಲ.
ಹುಣಸೆ ಹಚ್ಚಿದೆ, ಸೀಗೆ ಹಚ್ಚಿದೆ, ಸೀಮೆಎಣ್ಣೆಯೂ.
ಹೋದ ತಿಂಗಳು ಕರೆಂಟಿಲ್ಲದ ಒಂದು ಭಾನುವಾರ
ದೇವಾಲಯಕ್ಕೆ ಓಡಿದೆ,
ಕರ್ತನ ಭೋಜನದ ಸಾಲಿನಲ್ಲಿ ಮೊಣಕಾಲೂರಿದೆ.
ಪಕ್ಕದ ಎಸ್ತೇರಮ್ಮ ಸೆರಗು ಮೂಗಿಗೆ ತಂದು
ಒಂದು ಗೇಣು ಸರಿದರು.
ಒಂದೇ ಗೇಣು.
ರೊಟ್ಟಿಯ ತುಣುಕು ನನ್ನ ಅಂಗೈಗೆ ಬಂತು,
ಬೆಂದು ಬೆಳ್ಳಗಾದ, ರೇಖೆ ಅಳಿಸಿದ ಅಂಗೈ.
ಆಗ ಹೊಳೆಯಿತು: ಬಲೆ ಬಿಟ್ಟು ಅವನ ಹಿಂದೆ ಹೋದವರು
ಅವತ್ತು ರಾತ್ರಿ ಎಷ್ಟು ಕೈ ತೊಳೆದು ಉಂಡರೂ
ಮನೆಯೆಲ್ಲ ಮೀನಿನ ವಾಸನೆಯೇ ಇದ್ದಿರಬೇಕು.
ಯಾರೂ ಅದನ್ನು ಬರೆದಿಟ್ಟಿಲ್ಲ;
ಅವನು ಸರಿದು ಕೂತನೆಂದೂ ಬರೆದಿಲ್ಲ.

ಅಷ್ಟರಲ್ಲಿ ಕಣ್ಣಿಗೆ ಬಿತ್ತು ಅಯ್ಯನವರ ನಿಲುವಂಗಿಯ ಅಂಚು,
ಜೋತಾಡುತ್ತಿದ್ದ ಒಂದು ಎಳೆ.
ಬೆರಳು ನನ್ನ ಮಾತು ಕೇಳಲಿಲ್ಲ; ಹಿಡಿದು, ಸುತ್ತಿ, ಕಿತ್ತೆ.
ಅವರು ಬೆಚ್ಚಿ ಕೆಳಗೆ ನೋಡಿದರು.

ಸೋಮವಾರ. ಏಳು ತುದಿ ಬೇಗ ಸಿಕ್ಕವು.
ಎಂಟನೆಯದು ಯಾರಿಗೆಂದು ಗೊತ್ತಿತ್ತು;
ಗೊತ್ತಿಲ್ಲದವಳಂತೆ ಸ್ವಲ್ಪ ಹೊತ್ತು
ಜುಟ್ಟು ಬಿಡಿಸುತ್ತ ಕೂತೆ.
ಕೊನೆಗೆ ಎಸ್ತೇರಮ್ಮ ಅಂದೆ. ಕಡಿಯಿತು.
ಎಸ್ತೇರಮ್ಮ. ಮತ್ತೆ ಕಡಿಯಿತು.
ಮೂರನೆಯ ಸಲ ಮುಬೀನಾ ಹೊಟ್ಟೆ ಹಿಡಿದುಕೊಂಡೇ ಬಗ್ಗಿ
‘ನೀರು ಆರಿದೆ ಅಕ್ಕಾ’ ಅಂದಳು,
ಒಲೆಗೆ ಹೊಟ್ಟು ತಳ್ಳಿದಳು.

ಹಿಡಿಯಿತು.
ನನ್ನ ಭಕ್ತಿಗೇನಲ್ಲ. ನೀರು ಹದಕ್ಕೆ ಬಂದಿತ್ತು.