ನಡುನೂಲು

ಸಾವಿರದ ಎಂಟುನೂರ ಎಂಬತ್ತೇಳರ ಪತ್ರದಲ್ಲಿ
ಕಂದುಶಾಯಿಯ ಓರೆ ಅಕ್ಷರ:
‘ಪಶ್ಚಿಮಕ್ಕೆ, ಹಳ್ಳದ ನಡುನೂಲಿನವರೆಗೆ.’
ಬರೆದವನು ಆ ನೂಲಿನ ತುದಿಯನ್ನು
ಯಾವ ಗೂಟಕ್ಕೂ ಕಟ್ಟಿರಲಿಲ್ಲ.

ನೆಬ್ರಾಸ್ಕಾದ ಮರಳುದಿಬ್ಬಗಳ ಅಂಚಿನಲ್ಲಿ
ರಬ್ಬರ್ ಬೂಟು ತೊಟ್ಟು ಇಪ್ಪತ್ತಾರು ವರ್ಷ
ಗೆರೆ ಎಳೆದಿದ್ದೇನೆ, ಕೌಂಟಿಯ ಸರ್ವೇಯರು ನಾನು, ಡೆಲ್ಫೀನ್ ರಾಶ್ಕಾ.
ಶಾಯಿ ಒಣಗುವ ಮೊದಲೇ
ಹಳ್ಳ ಮಗ್ಗುಲು ಬದಲಿಸಿದೆ.

ಕಾನೂನು ಹೇಳುವುದಿಷ್ಟೇ:
ಹಳ್ಳ ಮೆಲ್ಲಗೆ ಸರಿದರೆ ಗಡಿಯೂ ಅದರ ಹಿಂದೆ ಹೋಗುತ್ತದೆ,
ಕರುವಿನ ಹಾಗೆ.
ಒಂದೇ ರಾತ್ರಿ ಹೊಸ ದಾರಿ ಹಿಡಿದರೆ
ಗಡಿ ಹಳೇ ಪಾತ್ರದಲ್ಲೇ, ಒಣಗಿದ ತಗ್ಗಿನಲ್ಲೇ.
ಹಾಗಾಗಿ ನನ್ನ ಪ್ರಶ್ನೆ ಒಂದೇ:
ಮೆಲ್ಲಗೋ? ಥಟ್ಟನೆಯೋ?

‘ಒಂದೇ ರಾತ್ರಿ,’ ಎಂದ ಓರ್ವಲ್ ಟೀಡೆಮನ್,
‘ತೊಂಬತ್ಮೂರರ ಜೂನು. ಕೋಳಿಗೂಡು ತೇಲಿಹೋದದ್ದು ನಾನೇ ಕಂಡೆ.’
‘ಮೂವತ್ತು ವರ್ಷ,’ ಎಂದಳು ಆಚೆದಡದ ಹೆಡ್ವಿಗ್,
‘ವರ್ಷಕ್ಕೊಂದು ಅವನ ಬೇಲಿಕಂಬ ನುಂಗುತ್ತ ಬಂತು.
ಅಡಿಗೆಮನೆಯ ಕಿಟಕಿಯಿಂದ ಎಣಿಸಿದ್ದೇನೆ.’

ಇಬ್ಬರೂ ಸುಳ್ಳಾಡುತ್ತಿರಲಿಲ್ಲ.
ನಡುವೆ ಒಂಬತ್ತು ಎಕರೆ ಮರಳು, ಮೇಲೊಂದಿಷ್ಟು ಕಾಟನ್‌ವುಡ್.
ದಪ್ಪನೆಯದಕ್ಕೆ ಬೈರಿಗೆ ಹಾಕಿ ಉಂಗುರ ಎಣಿಸಿದೆ: ಹತ್ತೊಂಬತ್ತು.
ಅದೂ ಯಾರ ಪರವಾಗಿಯೂ ಸಾಕ್ಷಿ ಹೇಳಲಿಲ್ಲ.

ಆಗಸ್ಟಿನಲ್ಲಿ ಮೇಲಿನಿಂದ ಹಸುವೊಂದು ತೇಲಿಬಂತು,
ಸತ್ತು ಮೂರು ದಿನ, ಕಿವಿಯಲ್ಲಿ ಬಿಲ್ಲೆಯಿಲ್ಲ.
ಆ ಮರಳ ಮೇಲೇ ಹೊಟ್ಟೆಯುಬ್ಬಿಸಿ ಮಲಗಿತು.
ಆರೋಗ್ಯ ಕಚೇರಿಯಿಂದ ಎರಡೂ ಮನೆಗೆ ಒಂದೇ ಕಾಗದ:
‘ನೆಲದ ಒಡೆಯರು ಹೂಳತಕ್ಕದ್ದು.’

ಓರ್ವಲ್ ಫೋನು ಮಾಡಿದ: ‘ಯೋಚಿಸಿ ನೋಡಿದರೆ,
ಮೆಲ್ಲಗೇ ಸರಿದಿರಬೇಕು.’
ಹತ್ತು ನಿಮಿಷಕ್ಕೆ ಹೆಡ್ವಿಗ್: ‘ಆ ಜೂನಿನ ರಾತ್ರಿ
ಭಾರೀ ಸದ್ದಾಗಿತ್ತು, ಈಗ ನೆನಪಾಯಿತು.’
ಎರಡನ್ನೂ ಬರೆದುಕೊಂಡೆ, ತಾರೀಖು ಸಮೇತ.

ಮರುದಿನ ಗಾಳಿ ತಿರುಗಿತು.
ವಾಸನೆಗೆ ನಡುನೂಲು ಗೊತ್ತಿರಲಿಲ್ಲ.

ಬೆಳಗ್ಗೆ ಹೋಗಿ ನೋಡುತ್ತೇನೆ:
ಅವಳ ಟ್ರ್ಯಾಕ್ಟರು ಮರಳಲ್ಲಿ ಅರ್ಧ ಹೂತು ನಿಂತಿದೆ,
ಅವನು ತೊಡೆಮಟ್ಟ ನೀರು ದಾಟಿ ಬಂದಿದ್ದಾನೆ, ಹೆಗಲ ಮೇಲೆ ಸಲಿಕೆ.
ಮೂಗುಬಾಯಿಗೆ ಬಟ್ಟೆ ಕಟ್ಟಿದ್ದರಿಂದ
ಮಾತಾಡದಿರುವುದು ಸಲೀಸಾಗಿತ್ತು.

ಮೂರಡಿ ಅಗೆದರು.
ತಳದ ಮರಳು ಕಪ್ಪಾಯಿತು, ಜಿನುಗಿತು,
ನೀರು ನಿಂತಿತು. ಯಾವ ಕಡೆಯಿಂದ ಬಂತೋ,
ಇಬ್ಬರೂ ಬಗ್ಗಿ ನೋಡಿದರು, ಕಾಣಲಿಲ್ಲ.

‘ಇನ್ನೂ ಎತ್ತರದಲ್ಲಿ ಅಗೆಯಬೇಕು,’ ಎಂದಳು ಹೆಡ್ವಿಗ್.
‘ಯಾರ ಎತ್ತರದಲ್ಲಿ?’ ಎಂದ ಅವನು.

ನಾನು ಬೂಟು ಕಳಚಿ
ಒಳಗಿನ ನೀರು ಚೆಲ್ಲುತ್ತ ಕುಳಿತೆ.