ಶೇಕಡಾ ಐದು

ಪೀಣ್ಯ ಎರಡನೇ ಹಂತದಲ್ಲಿ, ಲೇತುಗಳ ಕಿರುಚಾಟದ ನಡುವೆ
ಒಂದು ತಣ್ಣನೆಯ ಕೋಣೆ. ಅಲ್ಲಿ ನನ್ನ ಕೆಲಸ
ಬೆಳಗಿನಿಂದ ಕಲಬೆರಕೆ ಮಾಡುವುದು.

ನಗಬೇಡಿ. ಸಂಬಳ ಕೊಡುತ್ತಾರೆ ಇದಕ್ಕೆ.
ಎಳನೀರಿಗೆ ನಲ್ಲಿನೀರು, ಶೇಕಡಾ ಐದು, ಹತ್ತು, ಇಪ್ಪತ್ತು;
ಸಕ್ಕರೆ ಕದಡಿ ಒಂದು ಸಾಲು, ಗ್ಲೂಕೋಸ್ ಕದಡಿ ಇನ್ನೊಂದು.
ಸೀಸೆಯ ಕೊರಳಿಗೆ ಚೀಟಿ ಅಂಟಿಸಿ
ಪ್ರತಿ ಸುಳ್ಳಿನ ನಿಜವಾದ ತೂಕ ಬರೆಯುತ್ತೇನೆ.
ಯಂತ್ರಕ್ಕೆ ಕಲಿಸಬೇಕಲ್ಲ,
ಮೋಸ ಉಣ್ಣದೆ ಮೋಸ ತಿಳಿಯುವುದಿಲ್ಲ ಅದಕ್ಕೆ,
ನಮ್ಮ ಹಾಗೆಯೇ.

ಅವಕೆಂಪು ಬೆಳಕು ಹಾಯುತ್ತದೆ. ಕಣ್ಣಿಗೆ ಕಾಣದ ಆ ಬಣ್ಣ
ಸ್ವಲ್ಪ ನೀರಲ್ಲೇ ಇಂಗಿ, ಮಿಕ್ಕಿದ್ದು ಆಚೆ ಬಂದು
ಪರದೆಯ ಮೇಲೆ ಗೆರೆಯಾಗುತ್ತದೆ:
ಏರು, ಇಳಿ, ಮತ್ತೊಂದು ಸಣ್ಣ ದಿಬ್ಬ,
ತುಮಕೂರು ರಸ್ತೆಯಿಂದ ಕಾಣುವ ಶಿವಗಂಗೆಯ ಬೆನ್ನು.
ನನ್ನ ಕಣ್ಣಿಗೆ ಎಲ್ಲ ಗೆರೆಯೂ ಒಂದೇ.
ಅದು ಮಾತ್ರ ಸಾವಿರ ಸಲ ನೋಡಿ
ಸಾವಿರದೊಂದನೆಯ ಸಲ ಹೇಳುತ್ತದೆ: ಇದರಲ್ಲಿ ನೀರಿದೆ.

(ಎಳನೀರಿನಲ್ಲಿ ನೀರಿದೆ ಎಂದರೆ ರುಬೀನಾ ನಗುತ್ತಾಳೆ.
ಮೂರು ತಿಂಗಳಾದರೂ ಆ ಜೋಕು ಹಳತಾಗಿಲ್ಲ ಅವಳಿಗೆ.)

ಶುದ್ಧದ ಮಾದರಿ ಬರುವುದು ಗೊರಗುಂಟೆಪಾಳ್ಯದಿಂದ.
ಮೇಲ್ಸೇತುವೆಯ ಕಂಬಕ್ಕೆ ಒರಗಿದ ಮರಿಮಾದಯ್ಯನ ಸೈಕಲ್ಲು.
ಬೆರಳ ಗೆಣ್ಣಿನಲ್ಲಿ ತಟ್ಟಿ, ಕಿವಿ ಓರೆ ಮಾಡಿ
"ಇದು ಗಂಜಿ. ಇದು ಬರೀ ನೀರು, ನಿಮಗೆ ಇದೇ" ಅನ್ನುತ್ತಾನೆ.
ಮಚ್ಚು ಬೀಳುವ ಮುಂಚೆಯೇ ಅವನಿಗೆ ಗೊತ್ತು.

ಕಳೆದ ಮಂಗಳವಾರ ಅವನ ಆರು ಕಾಯಿಗೂ
ಕೆಂಪು ಚುಕ್ಕೆ ಬಿತ್ತು. ಕಲಬೆರಕೆ, ಶೇಕಡಾ ಹದಿನೆಂಟು.
ನಾನೇ ನಿಂತು ಕೊಚ್ಚಿಸಿ ನಾನೇ ಬಸಿದು ತಂದದ್ದು.
ಕಾಯಿಯೊಳಗೆ ಯಾರು ಹೋಗಿ ಬೆರೆಸಿದರು?

ಮಧ್ಯಾಹ್ನ ಹೋಗಿ ಕೇಳಿದೆ, ಕದ್ದವಳ ಹಾಗೆ:
ಈ ಸಲದ್ದು ಎಲ್ಲಿಯ ಕಾಯಿ?
"ಮದ್ದೂರಿನ ಲೋಡು ಬರ್ಲಿಲ್ಲ ಕಣವ್ವ.
ಇದು ನಮ್ಮ ಬಾವನ ತೋಟದ್ದು, ನಾಲೆ ಪಕ್ಕ.
ಬುಡ ಯಾವಾಗ್ಲೂ ನೆಂದಿರ್ತದೆ. ಕಾಯಿ ದಪ್ಪ, ಒಂಚೂರು ಸಪ್ಪೆ.
ಯಾಕೆ, ನಿಮ್ಮ ಮಿಷನ್ನು ಏನಂತು?"
ಕುಡೀತು, ಅಂದೆ.

ನಾಲೆಯಲ್ಲಿ ಕಾವೇರಿ. ನಮ್ಮ ನಲ್ಲಿಯಲ್ಲೂ ಕಾವೇರಿ.
ಒಂದು ಬೇರಿನಿಂದ ಹತ್ತಿ ಬಂತು, ಇನ್ನೊಂದು ಪೈಪಿನಿಂದ.
ಆ ವ್ಯತ್ಯಾಸ ಎಷ್ಟೆಂದು ಬೆಳಕಿಗೆ ಹೇಗೆ ಹೇಳಲಿ?

"ಆ ಆರನ್ನು ಕೈಬಿಡಿ" ಎಂದರು ಮೇಲಿನವರು.
ಬಿಡಲಿಲ್ಲ. ಚೀಟಿ ಬರೆದೆ: ಶುದ್ಧ. ನಾಲೆಯದು. ಸಪ್ಪೆ.
(ಸಪ್ಪೆ ಎಂಬುದಕ್ಕೆ ಕಾಲಮ್ಮೇ ಇರಲಿಲ್ಲ, ಅಂಚಿನಲ್ಲಿ ಬರೆದೆ.)
ರಾತ್ರಿಯಿಡೀ ಯಂತ್ರ ಮತ್ತೆ ಓದಿತು.

ಬೆಳಿಗ್ಗೆ ಆರೂ ಪಾಸಾದವು.
ಅವುಗಳ ಹಿಂದೆಯೇ, ಬಾಗಿಲು ತೆರೆದಿದೆಯೆಂದು,
ನಿನ್ನೆ ಸಿಕ್ಕಿಬಿದ್ದಿದ್ದ ನನ್ನ ಶೇಕಡಾ ಐದು
ತಲೆ ಬಗ್ಗಿಸದೆ ದಾಟಿಹೋಯಿತು.

ಸಂಜೆ ಎರಡು ಸೀಸೆ, ಚೀಟಿ ಕಿತ್ತು, ಒಯ್ದೆ ಗೊರಗುಂಟೆಪಾಳ್ಯಕ್ಕೆ.
ಯಾವುದರಲ್ಲಿ ನೀರು ಬೆರೆಸಿದೆ, ಹೇಳು ಮಾದಯ್ಯ.
ಒಂದು ಗುಟುಕು. ಇನ್ನೊಂದು ಗುಟುಕು.
ಬಾಯಿ ಮುಕ್ಕಳಿಸಿ ಕಂಬದ ಬುಡಕ್ಕೆ ಉಗಿದ.
"ಎರಡೂ ನೆನ್ನೇದು" ಅಂದ.

ನಿಜ. ಆ ಪ್ರಶ್ನೆಯನ್ನು ಯಂತ್ರಕ್ಕೆ
ನಾವು ಕೇಳಿಯೇ ಇರಲಿಲ್ಲ.