ಅಳತೆ ಪುಸ್ತಕದ ಕೊನೆಯ ಪುಟ

ನಮ್ಮ ಮೇಲಿನ ಕೋಣೆಯಲ್ಲಿದ್ದ, ಹಲ್ಲಿನ ಡಾಕ್ಟರಿಕೆ ಓದುವ ಹುಡುಗ
ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು
ಒಂದು ಗಾಜಿನ ಪೆಟ್ಟಿಗೆ, ಒಂದು ಬಿಸಿ ಬಲ್ಬು,
ಒಂದು ಡಬ್ಬಿ ಜೀವಂತ ಜಿರಳೆ
ಮತ್ತು ಇವನನ್ನು
ಟೈಲರಿಂಗ್ ಅಂಗಡಿಯ ಜಗಲಿಯಲ್ಲಿ ಬಿಟ್ಟು ಹೋದ.

"ಬಿಯರ್ಡೆಡ್ ಡ್ರ್ಯಾಗನ್, ಆಂಟಿ. ಎಂತ ಮಾಡುದಿಲ್ಲ."

ಎಂತ ಮಾಡುದಿಲ್ಲವಂತೆ!
ಮುಚ್ಚಳ ಸರಿಸಿದರೆ ಸಾಕು,
ಗಂಟಲಿನ ಮುಳ್ಳೆಲ್ಲ ಕೆದರಿ
ಗಡ್ಡ ಕಾಡಿಗೆಯಾಗುತ್ತದೆ.
ಮೈ ನೀರುದೋಸೆಯ ಹಾಗೆ ಹರಡಿಕೊಳ್ಳುತ್ತದೆ.
ತೆರೆದ ಬಾಯೊಳಗೆ ಹಲಸಿನ ತೊಳೆಯ ಹಳದಿ,
ಆ ಹಳದಿಯೊಳಗಿಂದ ಬುಸ್ಸೆಂಬ ಒಂದು ಬೈಗುಳ.

ಜೆಪ್ಪುವಿನ ಈ ಓಣಿಯಲ್ಲಿ ಓತಿಗೆ ಕಲ್ಲು ಹೊಡೆಯುವುದನ್ನು
ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.
ನಾನೂ ಹೊಡೆದವಳೇ.
ನಲವತ್ತೇಳರಲ್ಲಿ ಈಗ
ಅದೇ ಕೈಯಲ್ಲಿ ದಾಸವಾಳ ಹಿಡಿದು ನಿಂತಿದ್ದೇನೆ:
ತಿನ್ನು ಮಾರಾಯ, ತಿನ್ನು.

ಕಚ್ಚಿದ.
ಮಿಷನ್ನಿನ ಸೂಜಿ ಉಗುರು ದಾಟಿ ಹೋದ ಬೆರಳು ಇದು,
ಅದಕ್ಕೆ ಇದೆಲ್ಲ ಲೆಕ್ಕವಿಲ್ಲ.
ಲೆಕ್ಕಕ್ಕೆ ಸಿಕ್ಕಿದ್ದು ಆಮೇಲೆ ಅವನು
ಮೂಲೆಗೆ ಹೋಗಿ ನಡುಗಿದ್ದು.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎನ್ನುತ್ತಾರೆ.
ಇವನಿಗೆ ಬೇಲಿಯೂ ಇಲ್ಲ.
ಎಲ್ಲಿಯದೋ ಮರುಭೂಮಿಯ ಸಂತಾನ,
ಯಾರದೋ ಅಂಗಡಿಯ ಡಬ್ಬದಲ್ಲಿ ಹುಟ್ಟಿ
ಈಗ ನಮ್ಮ ಊರಿನ ಬೆವರಿನಲ್ಲಿ.

ಇಪ್ಪತ್ತಾರು ವರ್ಷ ಹೆಂಗಸರ ಮೈಗೆ ಟೇಪು ಸುತ್ತಿದವಳು ನಾನು.
ಟೇಪು ತಾಗಿದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ,
ಹೊಟ್ಟೆ ಒಳಗೆಳೆಯುತ್ತಾರೆ, ಕೆಲವರು ಕಣ್ಣೂ ಮುಚ್ಚುತ್ತಾರೆ.
ಆಗ ಬರೆದುಕೊಂಡ ಅಳತೆ ಸುಳ್ಳು.
ಆ ರವಿಕೆ ಮದುವೆಯ ದಿನವೇ ಕಂಕುಳಲ್ಲಿ ಬಿರಿಯುತ್ತದೆ.
ಅದಕ್ಕೇ ನಾನು ಮೊದಲು ಬಂಗುಡೆಗೆ ಎಷ್ಟು ಹೇಳಿದರು ಎಂದು ಕೇಳುವುದು.
ರೇಟಿಗೆ ಬೈದು ಬೈದು
ಅವರು ಉಸಿರು ಬಿಟ್ಟ ಮೇಲೆ
ಪೆನ್ಸಿಲು ಎತ್ತುವುದು.

ಇವನ ಹತ್ತಿರ ಬಂಗುಡೆಯ ಮಾತು ನಡೆಯುವುದಿಲ್ಲ.
ಉಟ್ಟು ಹಳತಾದ ಸೀರೆಯ ಒಂದು ತುಂಡು
ನನ್ನ ಬೆವರಿನ ಸಮೇತ ಒಳಗಿಟ್ಟೆ.
ಮೇಲಿಂದ ಬರುವುದೆಲ್ಲ ಅವನಿಗೆ ಗಿಡುಗ,
ಹಾಗಾಗಿ ಬದಿಯ ಬಾಗಿಲಿನಿಂದ, ನೆಲ ಸವರಿಕೊಂಡು, ಕೈ.
ಅಂಗೈ ಮೇಲೆ ಮಾಡಿ ಇಟ್ಟು ಸುಮ್ಮನೆ ಕೂರುವುದು
ಇಗರ್ಜಿಯ ಸಂಜೆಯ ಗಂಟೆ ಮುಗಿಯುವ ತನಕ.
ಎರಡು ತಿಂಗಳು.
ಜಿರಳೆ ತಿಂದ, ನುಗ್ಗೆಸೊಪ್ಪು ತಿಂದ.
ಕೈ ಹತ್ತಲಿಲ್ಲ. ಗಡ್ಡ ಬೆಳ್ಳಗಾಗಲಿಲ್ಲ.

ಕಾಜಾ ಕಟ್ಟುವ ಝುಲೇಖಾ ದಿನಕ್ಕೆ ಹತ್ತು ಮಾತಾಡುವವಳಲ್ಲ.
ಒಂದು ಮಧ್ಯಾಹ್ನ ನೂಲು ಹಲ್ಲಿನಲ್ಲಿ ಕಡಿದು ಹೇಳಿದಳು:
"ಅಕ್ಕಾ, ನೀವು ಬಗ್ಗುವಾಗ
ಕುತ್ತಿಗೆಯ ಟೇಪು ಆಡ್ತದೆ.
ಅವನು ನೋಡುದು ನಿಮ್ಮನ್ನಲ್ಲ."

ಹಳದಿ. ಉದ್ದ. ತೂಗುವ ತುದಿ.
ಅಯ್ಯೋ ಮಾರಾಯ,
ದಿನಾ ಕೊರಳಲ್ಲಿ ಒಂದು ಹಾವು ಹಾಕಿಕೊಂಡು ಬಂದು
ಹೆದರಬೇಡ ಹೆದರಬೇಡ ಎಂದದ್ದೇ ನಾನು!

ಟೇಪು ಡ್ರಾವರಿಗೆ ಹೋಯಿತು.
ಕೊರಳು ಬೋಳಾಗಿ, ಗಿರಾಕಿಗಳು ಹುಷಾರಿಲ್ಲವಾ ಎಂದು ಕೇಳಿದರು.

ಆ ವಾರ ರಾತ್ರಿ ಕರೆಂಟು ಹೋಯಿತು, ಬಲ್ಬು ತಣ್ಣಗಾಯಿತು.
ಅಮ್ಮನ ಕಾಲದ ಇಸ್ತ್ರಿ ಪೆಟ್ಟಿಗೆಗೆ ಗೆರಟೆಯ ಕೆಂಡ ತುಂಬಿ
ಸೀರೆ ತುಂಡನ್ನು ಬೆಚ್ಚಗೆ ಮಾಡಿ
ಮಡಿಲಲ್ಲಿ ಹಾಸಿದೆ.
ಕರೆಯಲಿಲ್ಲ.
ಕತ್ತಲೆಯಲ್ಲಿ ಮೊದಲು ಒಂದು ಉಗುರು,
ಆಮೇಲೆ ತೂಕ.
ಬಿಸಿಗೆ ಬಂದದ್ದು, ನನಗಲ್ಲ; ಅಷ್ಟು ತಿಳಿಯದಷ್ಟು ದಡ್ಡಿಯಲ್ಲ.
ಆದರೂ ಹೊಟ್ಟೆಯ ಮೇಲೆ ಹೊಟ್ಟೆ,
ಅವನು ಉಸಿರು ಬಿಟ್ಟದ್ದು ನನಗೆ ಗೊತ್ತಾಯಿತು.

ಟೇಪು ತರುವ ಹಾಗಿಲ್ಲ, ಗೇಣು ಹಾಕಿದೆ.
ಬೆಳಿಗ್ಗೆ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ:
ಉದ್ದ, ಬಾಲ ಸೇರಿ, ಎರಡು ಗೇಣು ಮೂರು ಬೆರಳು.
ಗಡ್ಡ, ಸಡಿಲ.

ನಿನ್ನೆ ಗಡಿಬಿಡಿಯಲ್ಲಿ ಟೇಪು ಹಾಕಿಕೊಂಡೇ ಬಗ್ಗಿದೆ.
ಮತ್ತೆ ಕಾಡಿಗೆ.
ಸರಿ, ಸರಿ,
ತೆಗೆದೆ ನೋಡು.